ನಸಿಕಿನ ಎರಡು ತಾಸು

ಮೊನ್ನಿ ಭಾಲ್ಕಿ ಮದುವಿಗಿ ನಮ್ಮ ಸೊಸಿ ಯಾಕ ಬರಲಿಲ್ಲ ಅಂತ ನಿಮ್ಮಾಗ ನಾಲ್ಕೈದು ಮಂದಿ ಕೇಳಿದ್ರಿ. ಕೆಲವ್ರು ನೇರ ಕೇಳಿದ್ರಿ, ಕೆಲವ್ರು ಬ್ಯಾರೆದವರ ಕೈಲೆ ಕೇಳಿಸಿದ್ರಿ. ಅಕ್ಕಿಕಾಳು ಕೈಯಾಗ ಹಿಡಕೊಂಡು ಮಾಂಡೋದಾಗ ನಿಂತು ಎಷ್ಟು ಹೇಳ್ಲಾಕ ಆಗ್ತದ? "ಪರೀಕ್ಷಾ ಅದ" ಅಂದೆ. "ಮದುವಿ ಆದ ಮ್ಯಾಲ ಇನ್ನೆಂಥಾ ಪರೀಕ್ಷಾ" ಅಂತ ಒಬ್ಬರು ನಕ್ಕರು, ಸುತ್ತ ಇದ್ದವರೂ ನಕ್ಕರು. ನಾ ಬಿ ನಕ್ಕೆ. ಮನಿಗಿ ಬಂದ ಮ್ಯಾಲ ಆ ನಗು ಗಂಟಲದಾಗ ಸಿಕ್ಕೊಂಡಂಗ ಆಯ್ತು. ಇವತ್ತು ಮಾವಿನ ಉಪ್ಪಿನಕಾಯಿ ಬಗ್ಗೆ ಬರೀಬೇಕಂತ ಮಾಡಿದ್ದೆ, ಅದನ್ನ ಬಿಟ್ಟು ಇದನ್ನ ಬರೀಲತ್ತೀನಿ. ಸ್ವಲ್ಪ ಹಳೇ ಕಾಲದಿಂದ ಹಿಡಕೊಂಡು ಹೇಳ್ತೀನಿ. ಯಾಕಂದ್ರ ಓದ್ಲಾಕ ವ್ಯಾಳ್ಯಾ ಯಾರಿಗಿ ಸಿಕ್ತು, ಯಾರಿಗಿ ಸಿಗಲಿಲ್ಲ ಅನ್ನೋದು ನಮ್ಮ ಮನಿ ಕಥಿ ಅಷ್ಟೇ ಅಲ್ಲ, ನಮ್ಮ ಜಿಲ್ಲಾದ ಕಥಿನೂ ಹೌದು.

ಮೊದಲು ಪರೀಕ್ಷಾ ಯಾವುದು ಅಂತ ಹೇಳ್ತೀನಿ. ಡಿಗ್ರಿ ಆದವರು ಎಂಬಿಎ ಸೇರಬೇಕಂದ್ರ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಪಿಜಿಸಿಇಟಿ ಅಂತ ಒಂದು ಪ್ರವೇಶ ಪರೀಕ್ಷೆ ನಡಿಸ್ತಾರ. 100 ಪ್ರಶ್ನೆ, 100 ಅಂಕ, 2 ತಾಸು. ಇಂಗ್ಲಿಷು, ಸಾಮಾನ್ಯ ಜ್ಞಾನ, ತರ್ಕ, ಲೆಕ್ಕ ಅಂತ ನಾಲ್ಕು ಥರದ ಪ್ರಶ್ನೆ ಇರ್ತಾವ. ತಪ್ಪು ಬರದ್ರ ಅಂಕ ಕಡಿಯಂಗಿಲ್ಲ. ನಮ್ಮ ಸೊಸಿ ಬಿ.ಕಾಂ. ಮುಗಿಸಿ ಮೂರು ವರ್ಷ ಆಗ್ಯದ. ಮದುವಿ ಮಾತುಕತಿ ಆಗೋವಾಗ "ಮುಂದ ಓದಸ್ತೀವಿ" ಅಂತ ನಾನೇ ಬಾಯಿ ಬಿಟ್ಟು ಹೇಳಿದ್ದೆ. ಹೇಳೋದು ಸರಳ. ಓದ್ಲಾಕ ವ್ಯಾಳ್ಯಾ ಕೊಡೋದು ಬ್ಯಾರೆ.

ಬೀದರದಾಗ ಓದು ಅಂದ್ರ ಎಲ್ಲರೂ ಮಹಮೂದ್ ಗವಾನನ ಮದರಸಾ ತೋರಸ್ತಾರ. ನಾವೆಲ್ಲ ಕಿಲ್ಲಾಕ ಹೋಗೋವಾಗ ಅದರ ಮುಂದ ಹಾಯ್ದು ಹೋದವರೇ. ಒಂದು ಎತ್ತರದ ಮಿನಾರು, ಅದರ ಮ್ಯಾಲ ಅಲ್ಲಲ್ಲಿ ಉಳಿದ ನೀಲಿ ಹಂಚು. ಪೋರಗೋಳಿಗಿ ಐಸ್‌ಕ್ರೀಮ್ ಕೊಡಿಸಿ, ಫೋಟೋ ತಗೊಂಡು ಬರ್ತೀವಿ. ಆದ್ರ ಕಟ್ಟಿಸಿದವನು ಯಾರು ಅಂತ ನೋಡ್ರಿ. ಗವಾನ್ ಇರಾನದ ಗೀಲಾನ್ ಕಡಿಯವನು, ವ್ಯಾಪಾರಕ್ಕಂತ ಬಂದವನು. 1453ರ ಸುಮಾರಿಗೆ ಬೀದರಕ್ಕೆ ಬಂದು ಬಹಮನಿ ಸುಲ್ತಾನರ ಹತ್ತಿರ ಸೇರಿ, ಕಡೀಕ ಪ್ರಧಾನಮಂತ್ರಿ ಆದ. ಅವನಿಗೆ ಸಿಕ್ಕ ಬಿರುದು ಮಲಿಕ್-ಉತ್-ತುಜ್ಜಾರ್, ಅಂದ್ರ ವ್ಯಾಪಾರಸ್ಥರ ಒಡೆಯ. ವಜೀರ ಆದ ಮ್ಯಾಲೂ ತನ್ನ ಸ್ವಂತ ಖರ್ಚು ವ್ಯಾಪಾರದ ಲಾಭದಾಗೇ ನಡಿಸ್ತಿದ್ದ ಅಂತ ಹಳೇ ಇತಿಹಾಸಕಾರರು ಬರದಾರ. ಎಂಬಿಎ ಓದೋರಿಗಿ ಇವನಿಗಿಂತ ಹತ್ತಿರದ ಹಿರಿಯ ಯಾರು ಸಿಗ್ತಾರ ಅಂತ ನಾ ಸೊಸಿಗಿ ಚ್ಯಾಷ್ಟಿ ಮಾಡ್ತಿರ್ತೀನಿ.

ಆ ಮದರಸಾ ಮುಗಿದದ್ದು 1472ರಲ್ಲಿ. ಮೂರು ಅಂತಸ್ತು. ಪುಸ್ತಕಾಲಯದಾಗ 3000 ಹಸ್ತಪ್ರತಿ ಇದ್ದವು ಅಂತಾರ. ನನಗ ಅದರಾಗ ಎಲ್ಲಕ್ಕಿಂತ ಹಿಡಿಸಿದ್ದು ಅದರ ಕೋಣಿಗಳು. ಹುಡುಗರಿಗಿ ಇರ್ಲಾಕ 36 ಕೋಣಿ, ಕಲಿಸೋರಿಗಿ ಬ್ಯಾರೆ ಮನಿ, ಮ್ಯಾಲ ಊಟದ ವ್ಯವಸ್ಥಾ. ದೂರದೂರದಿಂದ ಬಂದ ಪಂಡಿತರು ಅಲ್ಲೇ ಇದ್ದು ಕಲಿಸಿದರು. ವ್ಯಾಪಾರಿ ಮನುಷ್ಯ ನೋಡ್ರಿ, ಅವನಿಗಿ ಗೊತ್ತಿತ್ತು: ಹುಡುಗನ ಕೈಗಿ ಪುಸ್ತಕ ಕೊಟ್ರ ಸಾಲಂಗಿಲ್ಲ, ನೀರು ತರೋದು, ಕಟ್ಟಿಗಿ ತರೋದು, ಅಡಗಿ ಮಾಡೋದು ಇವನ್ನ ಅವನ ತಲಿ ಮ್ಯಾಲಿಂದ ಇಳಸಬೇಕು. ಆಗ ಓದ್ಲಾಕ ತಾಸು ಹುಟ್ಟತದ. 1481ರಲ್ಲಿ ಸುಳ್ಳು ಪತ್ರ ಸೃಷ್ಟಿ ಮಾಡಿ ಗವಾನನ್ನ ಕೊಲ್ಲಿಸಿದರು. 1696ರಲ್ಲಿ ಔರಂಗಜೇಬನ ಕಾಲಕ್ಕ ಒಳಗ ಇಟ್ಟಿದ್ದ ಮದ್ದಿನಪುಡಿ ಸಿಡಿದು ಮದರಸಾದ ಒಂದು ಮಗ್ಗಲು ಹಾರಿಹೋಯ್ತು. ಕಟ್ಟಿಸಿದವನ ಹೆಸರು ಉಳೀತು, ಮಿನಾರು ಉಳೀತು. ಅಲ್ಲಿ ಓದೋ ಹುಡುಗರಿಗಿ ದಿನಾ ಅಡಗಿ ಮಾಡಿದವರ ಹೆಸರು ಯಾವ ಗ್ವಾಡಿ ಮ್ಯಾಲೂ ಇಲ್ಲ.

ಇದೇ ಮಾತು ಭಾಲ್ಕಿ ಹಿರೇಮಠದಾಗ ಮತ್ತೊಂದು ಸಲ ಕಾಣಸ್ತದ. ನಿಜಾಮರ ಕಾಲದಾಗ ಸರ್ಕಾರಿ ಓದು ಉರ್ದುದಾಗ. ಹೈದರಾಬಾದಿನಾಗ 1918ಕ್ಕ ಉಸ್ಮಾನಿಯಾ ವಿಶ್ವವಿದ್ಯಾಲಯ ಆಗಿದ್ದೂ ಉರ್ದು ಮಾಧ್ಯಮದಾಗೇ. ಕನ್ನಡ ಕಲೀಬೇಕಂದ್ರ ಮನಿಯಾಗ, ಇಲ್ಲಾ ಮಠದಾಗ. 1890ರಲ್ಲಿ ಹುಟ್ಟಿ 1999ರವರೆಗೂ ಬಾಳಿದ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಬೋರ್ಡು ಹಾಕಿ ಒಳಗ ಕನ್ನಡ ಕಲಿಸಿದರು ಅನ್ನೋದು ನಮ್ಮ ಕಡಿ ಕೂಸಿಗೂ ಗೊತ್ತದ. ಬೋರ್ಡಿನ ಮಾತು ಎಲ್ಲರೂ ಹೇಳ್ತಾರ. ಜೋಳಿಗಿ ಮಾತು ಕಡಿಮಿ ಹೇಳ್ತಾರ. ಊರೂರು ತಿರಗಿ ಜ್ವಾಳ ತಂದು, ಹುಡುಗರನ್ನ ಮಠದಾಗ ಇಟಗೊಂಡು, ಉಣಿಸಿ ಓದಿಸಿದರು. ಅಪ್ಪಗೋಳಿಗೂ ಗವಾನನ ಲೆಕ್ಕಾನೇ: ಮೊದಲು ರೊಟ್ಟಿ, ಆಮ್ಯಾಲ ಪಾಟಿ.

ನಮ್ಮ ಅವ್ವನ ಅಪ್ಪ ಔರಾದದವರು. ನಮ್ಮ ಅಜ್ಜ ಹಗಲಿ ಉರ್ದು ಓದಿದವರು, ರಾತ್ರಿ ಕಂದೀಲ ಬೆಳಕಿನಾಗ ಕನ್ನಡ ತಿದ್ದಿದವರು. ಅವರೇ ಹೇಳ್ತಿದ್ದರು: "ನೌಕರಿ ಕೊಡೋದು ಉರ್ದು, ಹಂಗಂತ ತಾಜಾ ಬುದ್ಧಿ ಅದಕ್ಕ ಕೊಟ್ಟೆ. ನಿದ್ದಿಗಣ್ಣು ಕನ್ನಡಕ್ಕ ಕೊಟ್ಟೆ. ನನ್ನ ಕನ್ನಡ ಅಕ್ಷರ ಅದಕ್ಕೇ ವಾಂಕಡಿ." 1948ರ ಸೆಪ್ಟೆಂಬರ್ 17ಕ್ಕ ನಿಜಾಮರ ರಾಜ್ಯ ಹೋಯ್ತು, 1956ರ ನವೆಂಬರ್ 1ಕ್ಕ ಬೀದರ ಮೈಸೂರು ರಾಜ್ಯಕ್ಕ ಸೇರ್ತು. ಆಗ ಆಫೀಸಿನ ಕಾಗದ ಒಂದೊಂದೇ ಕನ್ನಡಕ್ಕ ತಿರಗ್ಲಾಕ ಹತ್ತಿದವು. ಅಜ್ಜ ಮತ್ತ ಅಕ್ಷರ ತಿದ್ದಿದರು. ಈ ಸಲ ಮುಂಜಾನಿ. ಯಾವುದು ಮೊದಲು, ಯಾವುದು ಆಮ್ಯಾಲ ಅನ್ನೋ ಲೆಕ್ಕ ಸರ್ಕಾರ ಬದಲಾದಂಗ ಬದಲಾಗಿಹೋಯ್ತು ಪಾಪ.

ಆದ್ರ ಅಜ್ಜನ ಕಥಿ ಕೇಳೋವಾಗ ನಾ ಸಣ್ಣಾಕಿ ಇದ್ದಾಗ ಕೇಳದ ಒಂದು ಪ್ರಶ್ನಿ ಈಗ ಕೇಳ್ತೀನಿ. ಅಜ್ಜ ಮುಂಜಾನಿ ತಿದ್ದೋವಾಗ ಅಜ್ಜಿ ಏನು ಮಾಡ್ತಿದ್ದಳು? ಬೀಸ್ತಿದ್ದಳು. ನಸಿಕಿನಾಗ ಬೀಸೋ ಕಲ್ಲಿನ ಮುಂದ ಕೂತವರು ನಮ್ಮ ಎಲ್ಲಾ ಅಜ್ಜಿಗೋಳು. ಎಷ್ಟು ಹಾಡು ಬಾಯಿಲೆ ಬರ್ತಿದ್ದವು ಅವರಿಗಿ! ಅಷ್ಟು ನೆನಪಿನ ಶಕ್ತಿ ಇದ್ದವರಿಗಿ ಒಂದು ಅಕ್ಷರ ಕಲಿಸ್ಲಾಕ ಯಾರಿಗೂ ವ್ಯಾಳ್ಯಾ ಇರಲಿಲ್ಲ. ಅವರಿಗೂ ಇರಲಿಲ್ಲ.

ನನ್ನ ಪಿಯುಸಿ 1988ರದು. ಭಾಲ್ಕಿಯಾಗ ಸಂಬಂಧಿಕರ ಮನಿಯಾಗ ಇಟ್ಟಿದ್ದರು. ಅವರು ಕೆಟ್ಟವರಲ್ಲ, ಹೊಟ್ಟಿ ತುಂಬ ಹಾಕಿದರು. ಆದ್ರ ಆ ಮನಿಯಾಗ ನನ್ನ ಜೊತಿ ಓದೋ ಹುಡುಗ ಒಬ್ಬ ಇದ್ದ. ಅವನು ಮುಂಜಾನಿ ಎದ್ದು ಓದ್ತಿದ್ದ, ನಾ ಮುಂಜಾನಿ ಎದ್ದು ಅಂಗಳ ಸಾರಸ್ತಿದ್ದೆ. ಬೋರಿಂಗಿನಿಂದ ಹತ್ತು ಕೊಡ ನೀರು, ಆಮ್ಯಾಲ ರೊಟ್ಟಿ, ಆಮ್ಯಾಲ ಕಾಲೇಜು. ರಾತ್ರಿ ಭಾಂಡಿ ತಿಕ್ಕಿದ ಮ್ಯಾಲ ಪುಸ್ತಕ ತೆಗದ್ರ ಲೈಟ್ ಹೋಗ್ತಿತ್ತು. ಲೈಟ್ ಬಂದ್ರ ನಿದ್ದಿ ಬರ್ತಿತ್ತು. ಒಂದೇ ಪುಟ ಮೂರು ರಾತ್ರಿ ಓದಿದ್ದು ನೆನಪದ, ಪುಟದಾಗ ಏನಿತ್ತು ಅಂಬೋದು ನೆನಪಿಲ್ಲ. ಸೆಕೆಂಡ್ ಕ್ಲಾಸಿನಾಗ ಪಾಸಾದೆ. ಅವನು ಫಸ್ಟ್ ಕ್ಲಾಸು. "ಪೋರಿಗಿ ತಲಿ ಕಡಿಮಿ" ಅಂದರು. ನಾ ಬಿ ಬಹಳ ವರ್ಷ ಹಂಗೇ ನಂಬಿದ್ದೆ. ಆಗ ಗುಲ್ಬರ್ಗಾ ವಿಶ್ವವಿದ್ಯಾಲಯ 1980ರಲ್ಲೇ ಆಗಿತ್ತು, ಮುಂದ ಓದ್ಲಾಕ ದಾರಿ ಇರಲಿಲ್ಲ ಅಂತಲ್ಲ. ಆದ್ರ ಹೆಣ್ಣುಮಕ್ಕಳನ್ನ ಬಸ್ಸು ಹತ್ತಿಸಿ ಕಳಸೋದು ಯಾರ ತಲಿಯಾಗೂ ಇರಲಿಲ್ಲ. ನನ್ನ ಅಪ್ಪನ ತಲಿಯಾಗೂ ಇರಲಿಲ್ಲ.

ಇದು ಬರೀ ನಮ್ಮ ಔರಾದ-ಭಾಲ್ಕಿ ಕಥಿ ಅಂತ ಮೊನ್ನಿವರೆಗೂ ತಿಳಕೊಂಡಿದ್ದೆ. ಸೊಸಿ ಒಂದಿನ ಓದಿ ಹೇಳಿದಳು. ಅಮೆರಿಕಾದ ಹಾರ್ವರ್ಡಿನಾಗ ವ್ಯಾಪಾರ ಕಲಿಸೋ ಶಾಲೆ ಆದದ್ದು 1908ರಲ್ಲಿ. ಎರಡು ವರ್ಷದ ಎಂಬಿಎಗೆ ಅಲ್ಲಿ ಹೆಣ್ಣುಮಕ್ಕಳನ್ನ ಮೊದಲ ವರ್ಷದಿಂದ ಸೇರಿಸಿಕೊಂಡದ್ದು 1963ರಲ್ಲಿ, ಅದೂ ಎಂಟು ಮಂದಿ. ಐವತ್ತೈದು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದರು! ಎಂಬಿಎ ಸೇರೋರಿಗಿ ಪ್ರವೇಶ ಪರೀಕ್ಷೆ ಅನ್ನೋದು ಅಲ್ಲಿ ಶುರುವಾದದ್ದು 1954ರಲ್ಲಿ, ಅದೇ ಈಗಿನ ಜಿಮ್ಯಾಟ್. ನಮ್ಮ ದೇಶದಾಗ ಕಲಕತ್ತಾ, ಅಹಮದಾಬಾದಿನ ಐಐಎಂ 1961ರಲ್ಲಿ, ಬೆಂಗಳೂರಿಂದು 1973ರಲ್ಲಿ. ಪರೀಕ್ಷೆ ಎಲ್ಲರಿಗೂ ಒಂದೇ, ಗಡಿಯಾರ ಒಂದೇ. ಪರೀಕ್ಷೆ ಕೋಣಿ ಒಳಗಿನ 2 ತಾಸು ಎಲ್ಲರಿಗೂ ಸಮ ಅದ. ಅದಕ್ಕಿಂತ ಮೊದಲಿನ ತಾಸುಗಳು ಸಮ ಇಲ್ಲ.

ಈಗ ನಮ್ಮ ಮನಿಗಿ ಬರ್ತೀನಿ. ಸೊಸಿ ಅರ್ಜಿ ಹಾಕಬೇಕಂತ ಗಟ್ಟಿ ಮಾಡಿದ ಮ್ಯಾಲ ನಾ ದೊಡ್ಡ ಮನಸ್ಸಿಲೆ ಅಂದೆ, "ಕೆಲಸ ಮುಗಿದ ಮ್ಯಾಲ ಎಷ್ಟರೇ ಓದಕೋ ತಾಯಿ, ನಾ ಬ್ಯಾಡ ಅನ್ನಂಗಿಲ್ಲ." ಈ ಮಾತಿನ ಮೋಸ ನನಗೇ ತಿಳೀಲಿಲ್ಲ. ಕೆಲಸ ಎಂದ ಮುಗೀತದ? ಅಕಿ ರಾತ್ರಿ ಹನ್ನೊಂದಕ್ಕ ಪುಸ್ತಕ ತೆಗೀತಿದ್ದಳು. ಹಗಲಿ ಒಲಿ ಮುಂದ ಮೊಬೈಲ್ ಇಟಗೊಂಡು ಸಾಮಾನ್ಯ ಜ್ಞಾನ ಕೇಳ್ತಿದ್ದಳು. ಒಂದು ತಿಂಗಳು ಹಿಂಗೇ ನಡೀತು. ಆಮ್ಯಾಲ ಹೋದ ವರ್ಷದ ಒಂದು ಪ್ರಶ್ನೆಪತ್ರಿಕೆ ತಗೊಂಡು, ಗಡಿಯಾರ ಎದುರಿಗಿ ಇಟ್ಟು ಎರಡು ತಾಸು ಕೂತಳು. ಅರ್ಧಕ್ಕರ್ಧ ಬಿಟ್ಟು ಬಂತು. ಪಡಸಾಲ್ಯಾಗ ಬಂದು ಸುಮ್ಮನ ಕೂತಳು. ಅಳಲಿಲ್ಲ, ಅತ್ತಿದ್ರ ಚೊಲೋ ಇತ್ತು.

ಮರುದಿನ ಐತವಾರ. ನಾ ಹಾಲಿನ ಲೆಕ್ಕದ ವಹಿ ಹಿಂದಿನ ಪುಟದಾಗ ಒಂದು ಲೆಕ್ಕ ಹಾಕಿದೆ. ಅಕಿ ಪುಸ್ತಕ ಹಿಡದು ಕೂತ ಮ್ಯಾಲ ಮನಿಯವರು ಎಷ್ಟು ಸಲ ಕರೀತೀವಿ ಅಂತ ಗೀಟು ಹಾಕಿದೆ. ಮುಂಜಾನಿ ಎಂಟರಿಂದ ಮಧ್ಯಾಹ್ನ ಒಂದರತನ ಹದಿನೇಳು ಗೀಟು. ಅದರಾಗ ನನ್ನವೇ ಒಂಬತ್ತು! "ಸಕ್ಕರಿ ಡಬ್ಬಿ ಎಲ್ಲೀ ಇಟ್ಟಿ", "ಫೋನ್ ಬಂದದ ನೋಡು", "ಹಾಲು ಉಕ್ಕಿದಂಗ ಕಾಣ್ತದ". ಹಾಲಿನ ಎದುರಿಗಿ ನಾನೇ ನಿಂತಿದ್ದೆ. ಮಗನಂದು ನಾಲ್ಕು, ಯಜಮಾನರಂದು ಮೂರು, ಒಂದು ಪಕ್ಕದ ಮನಿಯವರದು (ನೀವು ಓದ್ಲತ್ತೀರಿ, ಸಿಟ್ಟಾಗಬ್ಯಾಡ್ರಿ, ಕರಿಬೇವು ಕೇಳ್ಲಾಕ ಬಂದಿದ್ರಿ). ಒಂದೊಂದು ಸಲ ಎದ್ದು ಹೋಗಿ ಬಂದು ಮತ್ತ ಲೆಕ್ಕ ಮೊದಲಿಂದ ಶುರು. ಆ ವಹಿ ನೋಡಿದಾಗ ನನಗ ಭಾಲ್ಕಿಯ ಆ ಒಂದು ಪುಟ ನೆನಪಿಗಿ ಬಂತು.

ಅವತ್ತು ರಾತ್ರಿ ಇಬ್ಬರೂ ಕೂತು ಮಾತಾಡಿದಿವಿ. ನಾ ಕೇಳಿದೆ, "ಯಾವ ಓದು ಒಲಿ ಮುಂದ ಆಗ್ತದ, ಯಾವುದು ಆಗಂಗಿಲ್ಲ?" ಅಕಿ ಯೋಚನಿ ಮಾಡಿ ಹೇಳಿದಳು. "ಅತ್ತೀ, ಸಾಮಾನ್ಯ ಜ್ಞಾನ, ಇಂಗ್ಲಿಷ್ ಶಬ್ದ ಇವು ತುಣುಕು ತುಣುಕು ಆಗ್ತಾವ. ಲೆಕ್ಕ, ತರ್ಕ, ಇಂಗ್ಲಿಷಿನ ದೊಡ್ಡ ಪ್ಯಾರಾ ಓದಿ ಉತ್ತರ ಹುಡಕೋದು ಇವಕ್ಕ ನಡಕ ಯಾರೂ ಕರೀಬಾರದು." ಆಗ ನನಗ ಬಗಿಹರೀತು. ತಿಂಗಳತನ ಅಕಿ ಓದಿದ್ದೆಲ್ಲ ತುಣುಕಿನ ಓದು. ಯಾವುದಕ್ಕ ವ್ಯಾಳ್ಯಾ ಸಿಗತದೋ ಅದನ್ನ ಓದಿದಳು, ಯಾವುದು ಬೇಕೋ ಅದನ್ನಲ್ಲ. ಸಾಮಾನ್ಯ ಜ್ಞಾನಕ್ಕ ಅಂತೂ ದಂಡಿನೇ ಇಲ್ಲ, ಎಷ್ಟು ಓದಿದ್ರೂ ಉಳೀತದ. ಶೇಕಡಾ, ಲಾಭ-ನಷ್ಟ, ಅನುಪಾತದ ಲೆಕ್ಕಕ್ಕ ದಂಡಿ ಅದ, ಕೂತು ಮಾಡಿದ್ರ ಕೈಗಿ ಬರ್ತದ. ಬಿ.ಕಾಂ. ಓದಿದಾಕಿಗಿ ಅದು ಗೊತ್ತಿಲ್ಲ ಅಂತಲ್ಲ, ವೇಗ ಇಲ್ಲ. 100 ಪ್ರಶ್ನೆಗೆ 120 ಮಿನಿಟು ಅಂದ್ರ ಒಂದಕ್ಕ 72 ಸೆಕೆಂಡು. ರೊಟ್ಟಿ ಒಂದು ಮಗ್ಗಲು ಬೇಯೋ ಹೊತ್ತಿನಾಗ ಉತ್ತರ ಬರಬೇಕು.

ಮತ್ತೊಂದು ಮಾತು, ಎಷ್ಟು ಅಂಕ ಬೇಕು ಅನ್ನೋದು. ನಮ್ಮ ಭಾಗಕ್ಕ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮ್ಯಾಲ ಆಯ್ತು. 98ನೇ ತಿದ್ದುಪಡಿ, 2013ರ ಅಕ್ಟೋಬರದಿಂದ ಜಾರಿ. ಅದರಿಂದ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಾಗ ನೂರಕ್ಕ 70 ಸೀಟು ಇಲ್ಲಿಯವರಿಗೇ. ಅಕಿಗಿ ಬೆಂಗಳೂರಿನ ದೊಡ್ಡ ಕಾಲೇಜು ಬ್ಯಾಡ, ಮನಿಯಿಂದ ಹೋಗಿಬರೋವಂಥಾದು ಬೇಕು. ಬೀದರದಾಗೇ ಎಂಬಿಎ ಅದ. ಅಂದ ಮ್ಯಾಲ ಎಲ್ಲಾ ಪ್ರಶ್ನಿ ಬಿಡಿಸಲೇಬೇಕು ಅನ್ನೋ ಹಟ ಯಾಕ? ಗಟ್ಟಿ ಆಗೋದನ್ನ ಮೊದಲು ಗಟ್ಟಿ ಮಾಡೋದು, ಆಗದ್ದನ್ನ ಪರೀಕ್ಷೆ ದಿನ ಅಂದಾಜಿಲೆ ಗುರುತು ಹಾಕಿ ಬರೋದು. ತಪ್ಪಿಗಿ ಅಂಕ ಕಡಿಯಂಗಿಲ್ಲಲ್ಲ. ಹಾಂ, 371ಜೆ ಪ್ರಮಾಣಪತ್ರ, ಜಾತಿ-ಆದಾಯದ ಕಾಗದ ಇವನ್ನ ಮೊದಲೇ ಮಾಡಿಸಿ ಇಡ್ರಿ. ಕಡೀ ವಾರದಾಗ ಕಚೇರಿ ತಿರಗೋದು ಓದಿಗಿಂತ ದೊಡ್ಡ ಕೆಲಸ ಆಗ್ತದ. ಈ ತಿರುಗಾಟ ನಮ್ಮ ಯಜಮಾನರು ಮಾಡಿದರು, ರಿಟೈರ್ ಆದವರು, ಮನಿಯಾಗ ಕೂತು ಬ್ಯಾಸರಾಗಿತ್ತು.

ಇನ್ನ ತುಂಡಾಗದ ತಾಸು ಎಲ್ಲಿಂದ ತರೋದು? ನೋಡಿದ್ರ ನಸಿಕಿನಾಗೇ ಅದ. ನಾಲ್ಕೂವರಿಯಿಂದ ಆರೂವರಿ. ಆದ್ರ ಅದೇ ಹೊತ್ತಿಗಿ ನಳ ಬರ್ತದ, ಅದೇ ಹೊತ್ತಿಗಿ ಮಗನ ಡಬ್ಬಿ. ಬೀಸೋ ಕಲ್ಲು ಹೋಗಿ ಗಿರಣಿ ಬಂತು, ಒಲಿ ಹೋಗಿ ಗ್ಯಾಸ್ ಬಂತು, ಆದ್ರ ಆ ಎರಡು ತಾಸು ಇನ್ನೂ ಸೊಸಿ ತಲಿ ಮ್ಯಾಲೇ ಇತ್ತು. ನಾ ಅಂದೆ, "ನೀರು ನನ್ನ ಕಡಿ ಬಿಡು." ಮಗನಿಗಿ ಕರದು, "ನಿನ್ನ ಚಾ ನೀ ಮಾಡಕೋ, ಅಂಗಿಗಿ ಇಸ್ತ್ರಿ ನೀ ಹಾಕೋ" ಅಂದೆ. ಮೊದಲ ವಾರ ಚಾ ಅಲ್ಲ ಅದು, ಕಷಾಯ. ಆಮ್ಯಾಲ ಕಲತ. ರೊಟ್ಟಿಗಿ ಬ್ಯಾರೆ ದಾರಿ ಹುಡಕಿದಿವಿ. ವಾರಕ್ಕೆರಡು ಸಲ ಸಂಜಿಗಿ ನಾನೂ ಅಕಿನೂ ಎದುರು ಬದುರು ಕೂತು ಖಡಕ್ ರೊಟ್ಟಿ ಬಡದು, ಅರಿವ್ಯಾಗ ಸುತ್ತಿ ಬುಟ್ಟ್ಯಾಗ ಇಡ್ತೀವಿ. ಶೇಂಗಾ ಹಿಂಡಿ, ಪುಂಡಿ ಪಲ್ಯ ಇದ್ರ ಡಬ್ಬಿ ಆಯ್ತು. ನಮ್ಮ ಹಿರ್ಯಾರು ಪ್ರಯಾಣಕ್ಕ ಅಂತ ಹುಡಕಿದ ರೊಟ್ಟಿ ಪರೀಕ್ಷಾಕ್ಕ ಬಂತು.

ಖರೇ ಹೇಳ್ತೀನಿ, ನನಗ ಮೊದಲ ಹದಿನೈದು ದಿನ ಬಹಳ ಜಡ ಆಯ್ತು. ಈ ವಯಸ್ಸಿನಾಗ ನಸಿಕಿಗಿ ಎದ್ದು ಕೊಡ ಎತ್ತೋದು ಅಂದ್ರ ಸೊಂಟ ಕೇಳತದ. ಒಂದಿನ ಸಿಟ್ಟೂ ಬಂತು. ನಾ ನೀರಿನಾಗ ನಿಂತೀನಿ, ಅಕಿ ಫ್ಯಾನಿನ ಕೆಳಗ ಕೂತಾಳ, ನಾ ಸೊಸಿನೋ ಅಕಿ ಸೊಸಿನೋ ಅಂತ. ಕೊಡ ಸಪ್ಪಳ ಮಾಡಿ ಇಟ್ಟೆ, ಬೇಕಂತ. ಅಕಿ ಎದ್ದು ಬಂದಳು. ಆ ಗೀಟು ನನ್ನ ಲೆಕ್ಕಕ್ಕೇ ಬಂತು. ಆಮ್ಯಾಲ ದೊಡ್ಡ ಕೊಡ ಬಿಟ್ಟು ಸಣ್ಣ ಬಿಂದಿಗಿ ಹಿಡದೆ, ಟಾಕಿಗಿ ಪೈಪ್ ಹಚ್ಚಿಸಿದಿವಿ. ಮೊದಲೇ ಹಚ್ಚಬಹುದಿತ್ತು. ಸೊಸಿ ಎತ್ತೋವಾಗ ಯಾರಿಗೂ ಪೈಪ್ ನೆನಪಾಗಲಿಲ್ಲ ನೋಡ್ರಿ.

ಈಗ ವಾರಕ್ಕ ಒಂದು ಸಲ ಗಡಿಯಾರ ಇಟ್ಟು ಪೂರ್ತಿ ಪತ್ರಿಕೆ ಬಿಡಸ್ತಾಳ. ಬಿಡಿಸಿದ ಮ್ಯಾಲ ತಪ್ಪಿದ್ದನ್ನ ಒಂದು ವಹಿಯಾಗ ಬರೀತಾಳ, ಮುಂದಿನ ವಾರ ಮೊದಲು ಅದನ್ನೇ ನೋಡ್ತಾಳ. ಹೊಸ ಪುಸ್ತಕ ತರೋದು ಬಂದ್ ಮಾಡ್ಯಾಳ. ಬಿಟ್ಟು ಬರೋ ಪ್ರಶ್ನಿ ಅರ್ಧದಿಂದ ಹದಿನೈದಕ್ಕ ಇಳದಾವ. ಸಾಮಾನ್ಯ ಜ್ಞಾನ ಈಗೂ ಒಲಿ ಮುಂದೇ. ಹಂಗಾಗಿ ನನಗೂ ಯಾವ ದೇಶಕ್ಕ ಯಾವ ರಾಜಧಾನಿ ಅಂತ ಬಾಯಿಪಾಠ ಆಗ್ಯದ.

ಭಾಲ್ಕಿ ಮದುವಿ ಬಂದದ್ದು ಈ ನಡಕ. ಹಿಂದಿನ ದಿನ ಅರಿಶಿಣ, ಮರುದಿನ ಮದುವಿ, ಅದರ ಮರುದಿನ ದಣುವು. ಮೂರು ನಸಿಕು ಹೋಗ್ತಿದ್ದವು. ಅಕಿ ಹೋಗ್ತೀನಿ ಅಂದಿದ್ದಳು, ಸೀರಿ ಬಿ ತೆಗದಿಟ್ಟಿದ್ದಳು. ಬ್ಯಾಡ ಅಂದಾಕಿ ನಾನು. ಅದಕ್ಕ ಯಾರಿಗರೇ ಸಿಟ್ಟಿದ್ರ ಅದು ನನ್ನ ಮ್ಯಾಲ ಇರಲಿ. ಅಕಿ ಮ್ಯಾಲ ಬ್ಯಾಡ.

ಪರೀಕ್ಷಾ ಇನ್ನ ಮೂರು ವಾರ ಅದ. ಔರಾದದಾಗ ಜವಳಾ ಅದ ಅಂತ ತಂಗಿ ಹೇಳ್ಯಾಳ. ಅದಕ್ಕೂ ನಾ ಒಬ್ಬಾಕಿನೇ ಬರ್ತೀನಿ, ಎರಡು ದಿನದ ರೊಟ್ಟಿ ಬಡದಿಟ್ಟು. ಅಲ್ಲಿ ತಂಗಿ ಮಗಳೂ ಮುಂದಿನ ವರ್ಷ ಇದೇ ಪರೀಕ್ಷಾ ಬರೀತಾಳಂತ. ಅಕಿಗಿ ಹಳೇ ಪ್ರಶ್ನೆಪತ್ರಿಕೆ ತರ್ತೀನಿ, ಆದ್ರ ಅದಕ್ಕಿಂತ ಮೊದಲು ತಂಗೀ, ನಿನ್ನ ಕೂಡ ಮಾತಾಡೋದದ, ನಿಮ್ಮ ಮನಿಯಾಗ ನೀರು ಯಾರು ತುಂಬತಾರ ಅಂತ. ಉಳಿದವರು ದಯಮಾಡಿ ನಾಲ್ಕೂವರಿಯಿಂದ ಆರೂವರಿತನ ನಮ್ಮ ಮನಿಗಿ ಫೋನ್ ಮಾಡಬ್ಯಾಡ್ರಿ. ಮಾಡಿದ್ರ ನಾನೇ ಎತ್ತತೀನಿ, ನಳದ ಸಪ್ಪಳದಾಗ ಏನೂ ಕೇಳಸಂಗಿಲ್ಲ. ಉಪ್ಪಿನಕಾಯಿ ಮುಂದಿನ ಸಲ.